ಸವಾಲಿಗೆ ಜವಾಬು

2024ರ ಮೇ ತಿಂಗಳ ಎರಡನೇ ವಾರದ ಮಾತು. ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಶಾ ಮತ್ತು ಹಿರಿಯ ಪತ್ರಕರ್ತ ಎನ್. ರಾಮ್ ಮೂವರೂ ಸೇರಿ ಪ್ರಧಾನಿ ನರೇಂದ್ರ ಮೋದಿ ಮತ್ತು ರಾಹುಲ್ ಗಾಂಧಿಯವರಿಗೆ ಒಂದು ಪತ್ರ ಬರೆದರು. ಒಂದೇ ವೇದಿಕೆಯಲ್ಲಿ, ಜನರೆದುರು ಚರ್ಚೆ ಮಾಡಿ ಅಂತ. ರಾಹುಲ್ ಗಾಂಧಿ ಆಗಲಿ ಅಂತ ಉತ್ತರ ಕೊಟ್ಟರು. ಆ ದಿನ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಬೇರೆ ಮಾತೇ ಇಲ್ಲ. ಯಾವ ಭಾಷೆಯಲ್ಲಿ ನಡೀಬೇಕು, ಪ್ರಶ್ನೆ ಕೇಳೋರು ಯಾರಾಗಬೇಕು, ಮೈಕ್ ಮ್ಯೂಟ್ ಮಾಡೋ ಬಟನ್ ಯಾರ ಕೈಯಲ್ಲಿರಬೇಕು ಅಂತ ಸಾಂಬಾರು ಆರೋವರೆಗೂ ನಾವೇ ತೀರ್ಮಾನ ಮಾಡಿದ್ದೇ ಮಾಡಿದ್ದು.

ಸಂಜೆ ಊರಿಗೆ ಫೋನ್ ಮಾಡಿದಾಗ ಅದೇ ಹುಮ್ಮಸ್ಸಿನಲ್ಲಿ ಅಪ್ಪನಿಗೂ ಹೇಳಿದೆ.

"ಯಾವಾಗಂತ?"

"ಇನ್ನೂ ಗೊತ್ತಿಲ್ಲಪಾ. ಆದ್ರೂ ಆಗಬಹುದು."

"ಅಲ್ಲೋ ತಮ್ಮಾ, ನಾವು ಮೊನ್ನಿ ಮಂಗಳವಾರನ ಓಟು ಹಾಕಿ ಬಂದೇವಲ್ಲೋ. ಪರೀಕ್ಷಾ ಮುಗದ ಮ್ಯಾಲ ಪಾಠಾ ಮಾಡಾಕ ಬರತಾರೇನು?"

ಕ್ಯಾಲೆಂಡರ್ ಪ್ರಕಾರ ಅಪ್ಪ ಹೇಳಿದ್ದು ಸರಿ. ಬೆಂಗಳೂರಿನ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು, ಬಾಗಲಕೋಟೆಯದು ಮೇ 7ಕ್ಕೆ. ಕರ್ನಾಟಕದ 28 ಕ್ಷೇತ್ರಗಳ ತೀರ್ಪೂ ಆಗಲೇ ಮಷಿನ್ನಿನೊಳಗೆ ಕೂತಿತ್ತು. ಇತ್ತ ನಾವು ಮೈಕಿನ ಬಟನ್ ಬಗ್ಗೆ ಜಗಳ ಆಡುತ್ತಿದ್ದೆವು. ಮೋದಿಯವರು ಆ ವೇದಿಕೆಗೆ ಬರಲಿಲ್ಲ, ಚರ್ಚೆ ನಡೆಯಲೂ ಇಲ್ಲ. ಆದರೆ ಅಪ್ಪನ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಮತದಾನಕ್ಕೆ ಮುಂಚೆಯೇ ನಡೆದಿದ್ದರೆ? ಅಪ್ಪನ ಓಟು ಬದಲಾಗುತ್ತಿತ್ತೆ? ಅದು ಬಿಡಿ, ನನ್ನದು ಬದಲಾಗುತ್ತಿತ್ತೆ?

ಮೊದಲು ನನ್ನ ನಂಬಿಕೆ ಏನಿತ್ತು ಅಂತ ಹೇಳಿಬಿಡ್ತೀನಿ. ನಾನು ಹುಟ್ಟಿ ಬೆಳೆದದ್ದು ಚಿಮ್ಮಡದಲ್ಲಿ. ಬನಹಟ್ಟಿ, ಮಹಾಲಿಂಗಪುರದ ಕಡೆಯ ಊರು. ಕಬ್ಬು ಬೆಳೆಯೋ ಸೀಮೆ, ಪಕ್ಕದ ರಬಕವಿ-ಬನಹಟ್ಟಿಗೆ ಹೋದರೆ ಮಗ್ಗದ ಸಪ್ಪಳ. ಅಲ್ಲಿಂದ ಬಿಇ ಮಾಡಿ ಬೆಂಗಳೂರಿಗೆ ಬಂದು ಹತ್ತು ಹನ್ನೆರಡು ವರ್ಷ ಆಯ್ತು. ಬಂದವನು ಎಲ್ಲರ ಹಾಗೆ ಒಂದು ಹೆಮ್ಮೆ ಬೆಳೆಸಿಕೊಂಡೆ. ಊರಲ್ಲಿ ಮಂದಿ ಜಾತಿ ನೋಡಿ, ಗೌಡರ ಮುಖ ನೋಡಿ ಓಟು ಹಾಕ್ತಾರೆ. ನಾನು ವಾದ ಕೇಳಿ, ಅಂಕಿಅಂಶ ನೋಡಿ, ಯೋಚನೆ ಮಾಡಿ ಹಾಕ್ತೀನಿ. ಟಿವಿಯಲ್ಲಿ ನಾಯಕರು ಎದುರುಬದುರು ನಿಂತರೆ ಎಲ್ಲರೂ ನನ್ನ ಥರ ಆಗ್ತಾರೆ. ನಮ್ಮ ಕೆಲಸದಲ್ಲಿ ಯಾರು ಬರೆದ ಕೋಡೇ ಆಗಲಿ, ಇನ್ನೊಬ್ಬರು ರಿವ್ಯೂ ಮಾಡದೆ ಮುಂದೆ ಹೋಗಲ್ಲ. ದೇಶ ನಡೆಸೋರಿಗೂ ಅಂಥದ್ದೊಂದು ರಿವ್ಯೂ ಬೇಕಲ್ಲ? ಇಷ್ಟೇ ನನ್ನ ಸಿದ್ಧಾಂತ.

ಸಿದ್ಧಾಂತ ಇದ್ದಮೇಲೆ ಟೆಸ್ಟ್ ಮಾಡಬೇಕು. ಓದೋಕೆ ಕೂತೆ.

ಈ ವಿಷಯ ಎತ್ತಿದ ಯಾರೇ ಆದರೂ ಮೊದಲು ಹೇಳೋದು 1960ರ ಕತೆ. ಸೆಪ್ಟೆಂಬರ್ 26ರಂದು ಷಿಕಾಗೋದಲ್ಲಿ ಕೆನಡಿ ಮತ್ತು ನಿಕ್ಸನ್ ಚರ್ಚೆ. ನಿಕ್ಸನ್ ಮೊಣಕಾಲಿನ ಸೋಂಕಿಗೆ ಆಸ್ಪತ್ರೆಯಲ್ಲಿದ್ದು ಬಂದಿದ್ದರು, ಮುಖ ಬಾಡಿತ್ತು, ಕ್ಯಾಮೆರಾ ಮುಂದೆ ಬೆವರಿದರು. ಕೆನಡಿ ಮದುವೆ ಗಂಡಿನ ಹಾಗೆ ನಿಂತಿದ್ದರು. ಸುಮಾರು 7 ಕೋಟಿ ಜನ ನೋಡಿದರು. ಟಿವಿ ನೋಡಿದವರು ಕೆನಡಿ ಗೆದ್ದರು ಅಂದರಂತೆ, ರೇಡಿಯೊ ಕೇಳಿದವರು ನಿಕ್ಸನ್ ಗೆದ್ದರು ಅಂದರಂತೆ. ಕೊನೆಗೆ ಗೆದ್ದದ್ದು ಕೆನಡಿ, ಅದೂ ಒಂದು ಲಕ್ಷದ ಚಿಲ್ಲರೆ ಮತಗಳ ಅಂತರದಲ್ಲಿ. ಅಲ್ಲಿಗೆ 'ಟಿವಿಯೇ ಗೆಲ್ಲಿಸಿತು' ಅನ್ನೋ ಪುರಾಣ ಸಿದ್ಧವಾಯಿತು. ಆದರೆ ರೇಡಿಯೊ-ಟಿವಿ ಅನ್ನೋ ಆ ಭಾಗ ನಿಂತಿರೋದು ತೀರಾ ಸಣ್ಣ ಸಮೀಕ್ಷೆಯ ಮೇಲೆ. 1987ರಲ್ಲಿ ವ್ಯಾನ್ಸಿಲ್ ಮತ್ತು ಪೆಂಡೆಲ್ ಅನ್ನೋ ಇಬ್ಬರು ಸಂಶೋಧಕರು ಅದನ್ನು ಕೆದಕಿ ನೋಡಿ, ಈ ಬುನಾದಿ ಗಟ್ಟಿ ಇಲ್ಲ ಅಂದರು. ರೇಡಿಯೊ ಕೇಳಿದವರು ಮೊದಲಿನಿಂದಲೂ ನಿಕ್ಸನ್ ಕಡೆ ಒಲವಿದ್ದವರೇ ಆಗಿದ್ದರೆ? ಡೇಟಾ ಜೊತೆ ಕೆಲಸ ಮಾಡೋರಿಗೆಲ್ಲ ಈ ತಪ್ಪು ಪರಿಚಯದ್ದೇ. ಯಾರನ್ನು ಕೇಳಿದೆವು ಅನ್ನೋದನ್ನು ಮರೆತು, ಏನು ಹೇಳಿದರು ಅನ್ನೋದನ್ನಷ್ಟೇ ಹಿಡಿದುಕೊಂಡುಬಿಡ್ತೀವಿ.

ಇನ್ನೊಂದು 2010ರ ಬ್ರಿಟನ್ನಿನದು. ನಮ್ಮ ಹಾಗೇ ಸಂಸದರನ್ನು ಆರಿಸಿ, ಅವರ ಮೂಲಕ ಪ್ರಧಾನಿಯನ್ನು ಪಡೆಯೋ ದೇಶ. ಅಲ್ಲಿ ಮೊಟ್ಟಮೊದಲ ಸಲ ಪಕ್ಷಗಳ ನಾಯಕರ ಟಿವಿ ಚರ್ಚೆ ನಡೆದದ್ದೇ ಆ ವರ್ಷ. ಗಾರ್ಡನ್ ಬ್ರೌನ್, ಡೇವಿಡ್ ಕ್ಯಾಮರೂನ್ ಇಬ್ಬರ ನಡುವೆ ಮೂರನೇ ಪಕ್ಷದ ನಿಕ್ ಕ್ಲೆಗ್ ಮಿಂಚಿದರು. ಕ್ಯಾಮೆರಾ ನೋಡಿ, ಪ್ರಶ್ನೆ ಕೇಳಿದವರ ಹೆಸರು ಹಿಡಿದು ಮಾತಾಡಿದರು. ಮರುದಿನದ ಸಮೀಕ್ಷೆಗಳಲ್ಲಿ ಅವರ ಪಕ್ಷ ಮೇಲೆ ಹಾರಿತು, ಆ ಹುಚ್ಚಿಗೆ ಪತ್ರಿಕೆಗಳು 'ಕ್ಲೆಗ್‌ಮೇನಿಯಾ' ಅಂತ ಹೆಸರಿಟ್ಟವು. ಮೂರು ವಾರ ಆದಮೇಲೆ ಫಲಿತಾಂಶ ಬಂತು. ಹಿಂದಿನ ಚುನಾವಣೆಯಲ್ಲಿ 62 ಸ್ಥಾನ ಗೆದ್ದಿದ್ದ ಪಕ್ಷಕ್ಕೆ ಈಗ 57!

ಇವೆಲ್ಲ ಬಿಡಿ ಉದಾಹರಣೆಗಳು, ಇವನ್ನಿಟ್ಟುಕೊಂಡು ತೀರ್ಮಾನ ಮಾಡೋದು ತಪ್ಪು ಅಂತೀರಾ? ನಾನೂ ಹಾಗೇ ಅಂದುಕೊಂಡೆ. ಆಮೇಲೆ ಕರೋಲಿನ್ ಲೆ ಪೆನ್ನೆಕ್ ಮತ್ತು ವಿನ್ಸೆಂಟ್ ಪಾನ್ಸ್ ಅನ್ನೋ ಅರ್ಥಶಾಸ್ತ್ರಜ್ಞರ ಕೆಲಸ ಸಿಕ್ಕಿತು. ಹಲವು ದೇಶಗಳ 62 ಚುನಾವಣೆ, 56 ಟಿವಿ ಚರ್ಚೆ. ಮತದಾನಕ್ಕೆ ಮುಂಚೆ ಒಬ್ಬರನ್ನು 'ಯಾರಿಗೆ ಹಾಕ್ತೀರಿ' ಅಂತ ಕೇಳಿ, ಮತದಾನ ಆದಮೇಲೆ ಅದೇ ಜನರನ್ನು 'ಯಾರಿಗೆ ಹಾಕಿದಿರಿ' ಅಂತ ಮತ್ತೆ ಕೇಳಿದ ಸಮೀಕ್ಷೆಗಳನ್ನು ಅವರು ಒಟ್ಟು ಹಾಕಿದ್ದಾರೆ. ಕೊನೆಯ ಎರಡು ತಿಂಗಳಲ್ಲಿ ಮನಸ್ಸು ಗಟ್ಟಿ ಮಾಡೋರು ಕಡಿಮೆ ಏನಿಲ್ಲ. ಆದರೆ ಟಿವಿ ಚರ್ಚೆ ಆಗೋ ಮುಂಚಿನ ದಿನಗಳನ್ನೂ ಆದ ನಂತರದ ದಿನಗಳನ್ನೂ ಹೋಲಿಸಿದರೆ, ಚರ್ಚೆಯಿಂದ ಓಟು ಬದಲಾದ ಗುರುತೇ ಇಲ್ಲ. ಒಂದೆರಡಲ್ಲ, 56 ಚರ್ಚೆ.

ನನ್ನ ಸಿದ್ಧಾಂತ ಫೇಲ್.

ಆ ವರ್ಷವೇ ಇನ್ನೊಂದು ಚರ್ಚೆಯನ್ನು ಲೈವ್ ನೋಡಿದ್ದೆ. ಜೂನ್ 28ರ ಶುಕ್ರವಾರ, ನಮ್ಮ ಬೆಳಗಿನ ಆರೂವರೆ. ಅಟ್ಲಾಂಟಾದಲ್ಲಿ ಬೈಡನ್ ಮತ್ತು ಟ್ರಂಪ್. ಬೈಡನ್ ಮಾತಿನ ಮಧ್ಯೆ ತಡವರಿಸಿ, ಎಳೆ ಕಳೆದುಕೊಂಡು ನಿಂತಾಗ ಕೈಯಲ್ಲಿದ್ದ ಚಹಾ ಹಾಗೇ ಉಳಿಯಿತು. ಜುಲೈ 21ಕ್ಕೆ ಅವರು ಸ್ಪರ್ಧೆಯಿಂದಲೇ ಹಿಂದೆ ಸರಿದರು. ಪಂಚಮಿಗೆ ಊರಿಗೆ ಹೋದಾಗ ಇದನ್ನು ಅಪ್ಪನಿಗೆ ಗೆದ್ದವನ ಧಾಟಿಯಲ್ಲಿ ಹೇಳಿದೆ. ನೋಡು, ಟಿವಿ ಚರ್ಚೆಗೆ ಎಷ್ಟು ಶಕ್ತಿ ಐತಿ ಅಂತ.

ಅಪ್ಪ ಕಟ್ಟೆ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. "ಅಂದ್ರ ಮಂದಿ ಓಟು ಬದಲಾಗಲಿಲ್ಲ, ಪಾರ್ಟಿಯವ್ರು ಎತ್ತು ಬದಲಿ ಮಾಡಿದ್ರು, ಹೌದಿಲ್ಲೋ?"

ಹೌದು. ಸೆಪ್ಟೆಂಬರ್ 10ಕ್ಕೆ ಬದಲಿಯಾಗಿ ಬಂದ ಕಮಲಾ ಹ್ಯಾರಿಸ್ ಟ್ರಂಪ್ ಜೊತೆ ಚರ್ಚೆ ಮಾಡಿದರು, ಚರ್ಚೆ ಗೆದ್ದದ್ದು ಅವರೇ ಅಂತ ಸಮೀಕ್ಷೆಗಳು ಹೇಳಿದವು. ನವೆಂಬರ್ 5ರ ಚುನಾವಣೆ ಗೆದ್ದದ್ದು ಟ್ರಂಪ್. ಅಪ್ಪ ಆ ಚರ್ಚೆಗಳಲ್ಲಿ ಒಂದನ್ನೂ ನೋಡಿಲ್ಲ, ಆದರೂ ಅವನ ಲೆಕ್ಕ ನನ್ನದಕ್ಕಿಂತ ಸರಿ ಇತ್ತು.

ಅವತ್ತು ಕಟ್ಟೆಯ ಮೇಲೆ ಅಪ್ಪ 1991ರ ಕತೆ ತೆಗೆದ. ಆಗ ನಾನು ಇನ್ನೂ ಸಾಲಿ ಮೆಟ್ಟಿಲು ಹತ್ತಿರಲಿಲ್ಲ. ಬಾಗಲಕೋಟೆ ಲೋಕಸಭಾ ಕ್ಷೇತ್ರ. ಒಂದು ಕಡೆ ರಾಮಕೃಷ್ಣ ಹೆಗಡೆ, 1983ರಿಂದ 1988ರವರೆಗೆ ಮುಖ್ಯಮಂತ್ರಿ ಆಗಿದ್ದವರು. ಕನ್ನಡ, ಇಂಗ್ಲಿಷು, ಹಿಂದಿ ಯಾವುದರಲ್ಲಾದರೂ ನಗುನಗುತ್ತ ಮಾತಾಡಬಲ್ಲವರು, ದಿಲ್ಲಿಯ ಪತ್ರಕರ್ತರು ಮುಂದೆ ಪ್ರಧಾನಿ ಆಗಬಹುದು ಅಂತ ಬರೆಯುತ್ತಿದ್ದವರು. ಇನ್ನೊಂದು ಕಡೆ ಜಮಖಂಡಿ ಭಾಗದ ಸಿದ್ದು ನ್ಯಾಮಗೌಡ. ದೊಡ್ಡ ಹೆಸರೇನಿಲ್ಲ. ಆದರೆ ಅದಕ್ಕೆ ಎರಡು ವರ್ಷ ಮೊದಲು, 1989ರಲ್ಲಿ, ಕೃಷ್ಣಾ ನದಿಗೆ ಚಿಕ್ಕಪಡಸಲಗಿ ಹತ್ತಿರ ರೈತರು ತಾವೇ ದುಡ್ಡು ಕೂಡಿಸಿ, ತಾವೇ ಕಲ್ಲು ಮಣ್ಣು ಹೊತ್ತು ಒಂದು ಬ್ಯಾರೇಜು ಕಟ್ಟಿದ್ದರು. ಸರ್ಕಾರ ಕಟ್ಟಿಸಲಿ ಅಂತ ಕಾಯದೆ ಕಟ್ಟಿದ್ದು. ಅದರ ಹೆಸರು ಶ್ರಮಬಿಂದು ಸಾಗರ. ಮುಂದೆ ನಿಂತು ಕಟ್ಟಿಸಿದವರು ನ್ಯಾಮಗೌಡರು. ಅದಕ್ಕೇ ನಮ್ಮ ಕಡೆ ಅವರನ್ನು ಬ್ಯಾರೇಜ್ ಸಿದ್ದು ಅಂತಲೇ ಕರೀತಾರೆ.

ಈ ಇಬ್ಬರನ್ನು ಟಿವಿಯಲ್ಲಿ ಎದುರುಬದುರು ನಿಲ್ಲಿಸಿದ್ದರೆ ಏನಾಗುತ್ತಿತ್ತು ಅಂತ ನೀವೇ ಊಹಿಸಿ. ನನ್ನಂಥವರೆಲ್ಲ ಹತ್ತೇ ನಿಮಿಷದಲ್ಲಿ ಹೆಗಡೆ ಗೆದ್ದರು ಅಂತ ಬರೆದು ಮುಗಿಸ್ತಿದ್ದೆವು. ಚುನಾವಣೆ ಗೆದ್ದದ್ದು ನ್ಯಾಮಗೌಡರು. ದಿಲ್ಲಿಗೆ ಹೋಗಿ ನರಸಿಂಹರಾವ್ ಸರ್ಕಾರದಲ್ಲಿ ಕಲ್ಲಿದ್ದಲು ಇಲಾಖೆಯ ಮಂತ್ರಿಯೂ ಆದರು.

"ನಮ್ಮ ಹೊಲಕ್ಕೇನ ಆ ನೀರು ಬರಲಿಲ್ಲ," ಅಂದ ಅಪ್ಪ. "ಆದ್ರ ನಾವು ಹತ್ತು ಹದಿನೈದು ಮಂದಿ ಟ್ರ್ಯಾಕ್ಟರ್ ಹತ್ತಿ ನೋಡಾಕ ಹೋಗಿದ್ವಿ. ಹೊಳಿಯೊಳಗ ನೀರು ನಿಂತಿದ್ದು ಕಣ್ಣಾರೆ ನೋಡಿದ್ವಿ. ಹೆಗಡೆಯವರು ಶ್ಯಾಣ್ಯಾ ಮನಿಷ್ಯಾ, ಅದರಾಗ ಎರಡು ಮಾತಿಲ್ಲ. ಅವರ ಭಾಷಣಾನೂ ಕೇಳೇವಿ. ಕೇಳಿದ್ದು ಬ್ಯಾರೆ, ನೋಡಿದ್ದು ಬ್ಯಾರೆ."

ಹಾಗಂದ್ರೆ ಯಾರಿಗೆ ಹಾಕಿದೆ ಅಂತ ಕೇಳಿದೆ. ಅಪ್ಪ ನಕ್ಕ, ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಕತೆ ಚೆನ್ನಾಗಿದೆ. ಆದರೆ ಕತೆ ಚೆನ್ನಾಗಿದೆ ಅಂತ ಒಪ್ಪಿಕೊಂಡುಬಿಟ್ಟರೆ 1960ರ ಪುರಾಣ ನಂಬಿದ ತಪ್ಪನ್ನೇ ಮತ್ತೆ ಮಾಡಿದ ಹಾಗೆ. 1991 ರಾಜೀವ್ ಗಾಂಧಿ ಹತ್ಯೆಯಾದ ವರ್ಷ. ರಾಜ್ಯದ 28 ಸ್ಥಾನಗಳಲ್ಲಿ 23 ಕಾಂಗ್ರೆಸ್ಸಿಗೆ ಬಂದವು. ಬ್ಯಾರೇಜು ಇಲ್ಲದ ಕ್ಷೇತ್ರಗಳಲ್ಲೂ ಆ ಪಕ್ಷ ಗೆದ್ದಿತ್ತು. ಜಾತಿ ಲೆಕ್ಕವೂ ಇದ್ದೇ ಇತ್ತು, ನಮ್ಮ ಜಿಲ್ಲೆಯಲ್ಲಿ ಅದಿಲ್ಲದೆ ಯಾವ ಚುನಾವಣೆ ನಡೆದಿದೆ? ಅದನ್ನೇ ಅಪ್ಪನಿಗೆ ಹೇಳಿದೆ. "ನೀವು ನೀರು ನೋಡಿ ಹಾಕಿದ್ವಿ ಅಂತೀರಿ. ಎಷ್ಟ ಸಲ ಏನೂ ನೋಡದ, 'ನಮ್ಮಾಂವ' ಅಂತ ಹಾಕಿಲ್ಲ? ಗೌಡ್ರು ಹೇಳಿದ್ರು ಅಂತ ಹಾಕಿಲ್ಲ?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ಕೂತ. "ಹಾಕೇವಿ," ಅಂದ. ಎದ್ದು ಅಂಗಳಕ್ಕೆ ಹೋಗಿ ಉಗುಳಿ ಬಂದು, "ಅದಿರ್ಲಿ. ನೀ ಹ್ವಾದ ವರ್ಷ ಯಾಕ ಬರಲಿಲ್ಲ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಓಟು ಇನ್ನೂ ಊರಲ್ಲೇ ಇದೆ. 2023ರ ಮೇ 10, ಬುಧವಾರ, ವಿಧಾನಸಭಾ ಚುನಾವಣೆ. ಅದಕ್ಕೂ ಮುಂಚಿನ ಮೂರು ತಿಂಗಳು ನಾನು ನೋಡದ ಟಿವಿ ಚರ್ಚೆ ಇಲ್ಲ. ಯಾವ ಪ್ಯಾನೆಲ್ಲಿನಲ್ಲಿ ಯಾರು ಯಾರ ಬಾಯಿ ಮುಚ್ಚಿಸಿದರು ಅಂತ ಗೆಳೆಯರ ಗುಂಪಿನಲ್ಲಿ ದಿನಾ ವಾದ. ಆ ವಾರ ರಿಲೀಸ್ ಇತ್ತು. ರಜೆ ಕೇಳಿದ್ದರೆ ಕೊಡುತ್ತಿದ್ದರೋ ಏನೋ, ನಾನು ಕೇಳಲೇ ಇಲ್ಲ. ಜಮಖಂಡಿ ಬಸ್ಸಿನಲ್ಲಿ ಒಂದು ರಾತ್ರಿ ಹೋಗಿ ಒಂದು ರಾತ್ರಿ ಬರೋ ಕೆಲಸ, ಅದು ಭಾರ ಅನ್ನಿಸಿತು. ಅಪ್ಪ ಮಂಡಿ ನೋವಿನಲ್ಲೂ ಸಾಲಿನಲ್ಲಿ ನಿಂತು ಓಟು ಹಾಕಿ ಬಂದ ದಿನ, ನಾನು ಇಲ್ಲಿ ಮಾನಿಟರ್ ಮುಂದೆ ಕೂತು ಪಕ್ಕದ ಕಿಟಕಿಯಲ್ಲಿ ಎಕ್ಸಿಟ್ ಪೋಲ್ ನೋಡುತ್ತಿದ್ದೆ.

ಅಂದರೆ ಚರ್ಚೆ ನನ್ನ ಮೇಲೆ ಪ್ರಭಾವ ಬೀರಲಿಲ್ಲ ಅಂತಲ್ಲ. ಬೀರಿತು, ಬೇರೆ ರೀತಿಯಲ್ಲಿ. ನೋಡಿದ್ದನ್ನೇ ನಾನು ಮಾಡಿದ್ದು ಅಂದುಕೊಂಡೆ. ಕ್ರಿಕೆಟ್ ಮ್ಯಾಚ್ ನೋಡಿ ಸುಸ್ತಾದವನು ವ್ಯಾಯಾಮ ಆಯ್ತು ಅಂದುಕೊಂಡ ಹಾಗೆ. ಇನ್ನೂ ನಿಜ ಹೇಳಬೇಕಂದ್ರೆ, ಇಷ್ಟು ವರ್ಷದಲ್ಲಿ ಯಾವ ಚರ್ಚೆ ನೋಡಿಯೂ ನನ್ನ ಆಯ್ಕೆ ಬದಲಾಗಿಲ್ಲ. ನನ್ನ ಕಡೆಯವರು ಒಳ್ಳೆ ಪಾಯಿಂಟ್ ಹೇಳಿದರೆ ಕ್ಲಿಪ್ ಕತ್ತರಿಸಿ ಕಳಿಸಿದ್ದೀನಿ, ಎದುರಿನವರು ಹೇಳಿದರೆ ಸೌಂಡ್ ಕಡಿಮೆ ಮಾಡಿದ್ದೀನಿ. ಅಪ್ಪನ 'ನಮ್ಮಾಂವ' ಜಾತಿಯವನು, ನನ್ನ 'ನಮ್ಮಾಂವ' ನನ್ನ ಥರ ಮಾತಾಡೋನು. ನೀವು ಯಾವಾಗಾದರೂ ಒಂದು ಚರ್ಚೆ ನೋಡಿ ಪಕ್ಷ ಬದಲಿಸಿದ್ದೀರಾ? ಬದಲಿಸಿದ್ದರೆ ನೀವು ನನಗಿಂತ ದೊಡ್ಡವರು.

ಹಾಗಾದರೆ ನಾಯಕರ ಚರ್ಚೆಯೇ ಬೇಡವೆ? ಇಲ್ಲಿಗೆ ಬಂದಾಗ ನನಗೆ ನೆನಪಾದದ್ದು ನಮ್ಮ ಕಡೆಯದೇ ಒಂದು ಚರ್ಚೆ. ಹರದೇಶಿ-ನಾಗೇಶಿ.

ಉತ್ತರ ಕರ್ನಾಟಕದವರಿಗೆ ಹೇಳಬೇಕಿಲ್ಲ. ಉಳಿದವರಿಗಾಗಿ: ಜಾತ್ರೆ, ಹಬ್ಬಗಳಲ್ಲಿ ಗೀಗೀ ಪದದ ಎರಡು ಮೇಳಗಳನ್ನು ಕರೆಸ್ತಾರೆ. ಹರದೇಶಿಯವರು ಗಂಡು ಹೆಚ್ಚು, ಶಿವ ಹೆಚ್ಚು ಅಂತ ಹಾಡೋದು. ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಅಂತ ಹಾಡೋದು. ದಪ್ಪು, ತುಂತುಣಿ, ತಾಳ. ಒಂದು ಮೇಳ ಸವಾಲು ಹಾಕಿದರೆ ಇನ್ನೊಂದು ಜವಾಬು ಕೊಡಬೇಕು, ಅದೂ ಹಾಡಿನಲ್ಲೇ. ರಾತ್ರಿ ಊಟ ಮುಗಿಸಿ ಕೂತವರು ಕೋಳಿ ಕೂಗೋವರೆಗೂ ಏಳೋದಿಲ್ಲ. ಚಿಕ್ಕವನಿದ್ದಾಗ ಅಜ್ಜಿಯ ಸೆರಗು ಹೊದ್ದುಕೊಂಡು ನಾನೂ ಕೂತಿದ್ದೀನಿ. ಅಜ್ಜಿ ಯಾವಾಗಲೂ ನಾಗೇಶಿ ಕಡೆ. ಅಜ್ಜ ಹರದೇಶಿ ಕಡೆ. ಬೆಳಗಾದಮೇಲೆ ಅಜ್ಜಿಯೇ ಒಲೆ ಮುಂದೆ, ಅಜ್ಜನೇ ಕಟ್ಟೆ ಮೇಲೆ. ಇಡೀ ರಾತ್ರಿ ಅಷ್ಟು ವಾದ ಕೇಳಿ ನಮ್ಮ ಮನೆಯಲ್ಲಿ ಒಂದು ಕೊಡ ನೀರೂ ಕೈ ಬದಲಾಗಲಿಲ್ಲ.

ಆದರೆ ಒಂದು ವಿಷಯ ಈಗ ಅರ್ಥ ಆಗ್ತಿದೆ. ಅಲ್ಲಿ ಕೂತವರು ಯಾರೂ 'ಯಾರ ದನಿ ಚಲೋ ಐತಿ' ಅಂತಷ್ಟೇ ನೋಡುತ್ತಿರಲಿಲ್ಲ. ಸವಾಲಿಗೆ ಜವಾಬು ಬಂತೋ ಇಲ್ಲೋ ಅಂತ ಕಾಯುತ್ತಿದ್ದರು. ಹಾಡುಗಾರ ಸವಾಲು ಬಿಟ್ಟು ಬೇರೆ ಕತೆ ಎತ್ತಿಕೊಂಡರೆ ಹಿಂದಿನಿಂದ ಒಬ್ಬ ಮುದುಕ ಕೂಗುತ್ತಿದ್ದ: "ಏ, ಅದನ್ನಲ್ಲ ಕೇಳಿದ್ದು!" ಎಲ್ಲರೂ ನಗುತ್ತಿದ್ದರು. ಹಾಡುಗಾರ ಎಷ್ಟೇ ಹೆಸರುವಾಸಿ ಆಗಿದ್ದರೂ ಮತ್ತೆ ಸವಾಲಿಗೇ ಬರಬೇಕಿತ್ತು. ಹರದೇಶಿ ಕಡೆಯ ಅಜ್ಜನೂ ತನ್ನ ಮೇಳದವನು ಜವಾಬು ತಪ್ಪಿಸಿದರೆ ತಲೆ ಅಲ್ಲಾಡಿಸುತ್ತಿದ್ದ. ಪಕ್ಷ ಬದಲಿಸುತ್ತಿರಲಿಲ್ಲ, ಆದರೆ ತನ್ನವನು ತಪ್ಪಿಸಿಕೊಂಡ ಅನ್ನೋದನ್ನು ಒಪ್ಪಿಕೊಳ್ಳುತ್ತಿದ್ದ.

ಇದಕ್ಕೆ ನಮ್ಮ ರಾಜಕೀಯವನ್ನು ಹೋಲಿಸಿ ನೋಡಿ. 2018ರ ಮೇ 1ರಂದು ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿಯಲ್ಲಿ ಮೋದಿಯವರು, ಕರ್ನಾಟಕ ಸರ್ಕಾರದ ಸಾಧನೆಗಳ ಬಗ್ಗೆ 15 ನಿಮಿಷ ಚೀಟಿ ನೋಡದೆ ಮಾತಾಡಿ ಅಂತ ರಾಹುಲ್ ಗಾಂಧಿಗೆ ಸವಾಲು ಹಾಕಿದರು. ಸಿದ್ದರಾಮಯ್ಯನವರು, ಯಡಿಯೂರಪ್ಪ ಸರ್ಕಾರದ ಸಾಧನೆ ಬಗ್ಗೆ ನೀವು ಚೀಟಿ ನೋಡಿಯೇ 15 ನಿಮಿಷ ಮಾತಾಡಿ ಅಂತ ಮೋದಿಯವರಿಗೆ ತಿರುಗಿ ಸವಾಲು ಹಾಕಿದರು. ಎರಡೂ ಕಡೆ ಚಪ್ಪಾಳೆ. ಸವಾಲಿಗೆ ಸವಾಲು, ಜವಾಬು ಮಾತ್ರ ಇಲ್ಲ. ಹರದೇಶಿ-ನಾಗೇಶಿ ಆಗಿದ್ದರೆ ಇಬ್ಬರಿಗೂ ಆ ಮುದುಕ ಕೂಗಿಬಿಡುತ್ತಿದ್ದ.

ಅದೇ ತಿಂಗಳು ನಮ್ಮ ಜಿಲ್ಲೆಯ ಬಾದಾಮಿಯಲ್ಲಿ ಸಿದ್ದರಾಮಯ್ಯ ಮತ್ತು ಶ್ರೀರಾಮುಲು ಎದುರುಬದುರು ನಿಂತಿದ್ದರು. ಸಿದ್ದರಾಮಯ್ಯ ಗೆದ್ದದ್ದು 1,696 ಮತಗಳಿಂದ. ಅಂದರೆ 849 ಜನ ಈ ಕಡೆಯಿಂದ ಆ ಕಡೆಗೆ ಹೋಗಿದ್ದರೆ ಫಲಿತಾಂಶ ಉಲ್ಟಾ. ಒಂದು ಸಣ್ಣ ಹಳ್ಳಿಯ ಓಟು. 'ಚರ್ಚೆಯಿಂದ ಹೆಚ್ಚು ಓಟು ಬದಲಾಗಲ್ಲ' ಅನ್ನೋದೂ 'ಚರ್ಚೆಯಿಂದ ಏನೂ ಆಗಲ್ಲ' ಅನ್ನೋದೂ ಒಂದೇ ಅಲ್ಲ ಅಂತ ಇದು ನೆನಪಿಸುತ್ತೆ. ಹಾಗಂತ ನನ್ನ ವಾದವನ್ನು ಆ 849 ಜನರ ಮೇಲೆ ನಿಲ್ಲಿಸೋದಿಲ್ಲ. ಅದಕ್ಕಿಂತ ಗಟ್ಟಿಯಾದದ್ದು ಸಿಯೆರಾ ಲಿಯೋನ್‌ನಲ್ಲಿ ಸಿಕ್ಕಿತು.

ಅದು ಪಶ್ಚಿಮ ಆಫ್ರಿಕಾದ ಬಡ ದೇಶ. ಅಲ್ಲೂ ಮತದಾನ ಹೆಚ್ಚಾಗಿ ಕುಲ, ಪಕ್ಷ ನೋಡಿಯೇ ನಡೆಯೋದು. 2012ರ ಚುನಾವಣೆಗೆ ಮುಂಚೆ ಕೆಲವು ಕ್ಷೇತ್ರಗಳಲ್ಲಿ ಸಂಸತ್ತಿಗೆ ನಿಂತ ಸ್ಥಳೀಯ ಅಭ್ಯರ್ಥಿಗಳನ್ನು ಕೂರಿಸಿ ಒಂದೇ ಪ್ರಶ್ನೆಗಳನ್ನು ಕೇಳಿ ವಿಡಿಯೊ ಮಾಡಿದರು. ಅದನ್ನು ಪರದೆ ಕಟ್ಟಿ ನೂರಕ್ಕೂ ಹೆಚ್ಚು ಮತಗಟ್ಟೆಗಳ ವ್ಯಾಪ್ತಿಯಲ್ಲಿ ಜನರಿಗೆ ತೋರಿಸಿದರು, ನಮ್ಮ ಟೂರಿಂಗ್ ಟಾಕೀಸಿನ ಹಾಗೆ. ಅಷ್ಟೇ ಮತಗಟ್ಟೆಗಳಲ್ಲಿ ತೋರಿಸಲಿಲ್ಲ. ಬಿಡ್‌ವೆಲ್, ಕೇಸಿ, ಗ್ಲೆನರ್‌ಸ್ಟರ್ ಅನ್ನೋ ಸಂಶೋಧಕರು ಎರಡನ್ನೂ ಹೋಲಿಸಿದರು. ವಿಡಿಯೊ ನೋಡಿದ ಕಡೆ ಜನರಿಗೆ ಅಭ್ಯರ್ಥಿಗಳ ಬಗ್ಗೆ ಹೆಚ್ಚು ತಿಳಿದಿತ್ತು, ಚೆನ್ನಾಗಿ ಉತ್ತರ ಕೊಟ್ಟವರಿಗೆ ಓಟೂ ಹೆಚ್ಚು ಬಿದ್ದವು. ಇಲ್ಲಿ ಚರ್ಚೆ ಕೆಲಸ ಮಾಡಿತು!

ಅಲ್ಲಿ 56 ಚರ್ಚೆಯಿಂದ ಆಗದ್ದು ಇಲ್ಲಿ ಹೇಗಾಯ್ತು? ಉತ್ತರ ಕಷ್ಟದ್ದೇನಲ್ಲ. ದೊಡ್ಡ ನಾಯಕರ ಬಗ್ಗೆ ನಾವು ವರ್ಷಗಟ್ಟಲೆ ದಿನಾ ಕೇಳಿರ್ತೀವಿ, ಒಂದು ಸಂಜೆಯ ಚರ್ಚೆ ಹೊಸದಾಗಿ ಏನು ಹೇಳುತ್ತೆ? ಆದರೆ ನಿಮ್ಮ ಕ್ಷೇತ್ರಕ್ಕೆ ನಿಂತ ಐದಾರು ಜನರ ಹೆಸರು ಹೇಳಿ ನೋಡೋಣ. ಅಲ್ಲಿ ನಮಗೆ ಗೊತ್ತಿಲ್ಲದ್ದು ಬಹಳ ಇದೆ, ಅದಕ್ಕೇ ಅಲ್ಲಿ ಒಂದು ಗಂಟೆಯ ಪ್ರಶ್ನೋತ್ತರಕ್ಕೂ ಬೆಲೆ ಇದೆ. ದುಡ್ಡೂ ಇಲ್ಲದ, ದೊಡ್ಡ ಜಾತಿಯೂ ಅಲ್ಲದ ಒಬ್ಬ ಅಭ್ಯರ್ಥಿಗೆ ಗೌಡರ ಪಕ್ಕದಲ್ಲೇ, ಅದೇ ಎತ್ತರದ ಕುರ್ಚಿ ಸಿಗೋದು ಅಂಥ ಕಡೆ ಮಾತ್ರ.

ನನಗೆ ಇನ್ನೂ ದೊಡ್ಡದು ಅನ್ನಿಸಿದ್ದು ಆಮೇಲಿನ ಸಂಗತಿ. ಹಾಗೆ ಜನರೆದುರು ಉತ್ತರ ಕೊಟ್ಟು ಗೆದ್ದ ಸಂಸದರು ಮುಂದೆ ಕ್ಷೇತ್ರಕ್ಕೆ ಹೆಚ್ಚು ಸಲ ಬಂದರು, ಕ್ಷೇತ್ರಾಭಿವೃದ್ಧಿಯ ಹಣವನ್ನು ಹೆಚ್ಚು ಖರ್ಚು ಮಾಡಿದರು. ಓಟು ಎಣಿಸಿ ಮುಗಿದಿತ್ತು, ಆದರೆ ಅಂದು ಹೇಳಿದ ಮಾತು ಊರ ಮಂದಿಯ ನೆನಪಲ್ಲಿತ್ತು.

ಹಾಗಾಗಿ ನಾನು ಈಗ ಬಂದು ನಿಂತಿರೋದು ಇಲ್ಲಿ. ನಾಯಕರ ಟಿವಿ ಚರ್ಚೆ ಜನರ ಓಟು ಬದಲಿಸುತ್ತಾ ಅಂದರೆ, ಬಹುಪಾಲು ಇಲ್ಲ. ಆದರೆ ಆ ಪ್ರಶ್ನೆಯೇ ಸ್ವಲ್ಪ ಅಡ್ಡದಾರಿಯದು. ಓಟು ಬದಲಿಸದಿದ್ದರೆ ಚರ್ಚೆ ವ್ಯರ್ಥ ಅಂತ ಯಾಕೆ ಅಂದುಕೋಬೇಕು? ಅಧಿಕಾರ ಕೇಳೋಕೆ ಬಂದವರು ತಾವು ಆರಿಸದ ಪ್ರಶ್ನೆಗೆ, ತಾವು ಆರಿಸದ ಜನರ ಮುಂದೆ ಉತ್ತರ ಕೊಡಬೇಕು. ಅದು ಅವರ ಪ್ರಚಾರ ತಂತ್ರ ಅಲ್ಲ, ನಮಗೆ ಅವರು ತೀರಿಸಬೇಕಾದ ಋಣ. ನಮ್ಮ ಕೆಲಸ ಆ ಉತ್ತರವನ್ನು ನೆನಪಿಟ್ಟುಕೊಳ್ಳೋದು. ನಮ್ಮವನೇ ತಪ್ಪಿಸಿಕೊಂಡರೂ 'ಅದನ್ನಲ್ಲ ಕೇಳಿದ್ದು' ಅಂತ ಕೂಗೋದು. ಅಜ್ಜ ಅಷ್ಟಾದರೂ ಮಾಡುತ್ತಿದ್ದ. ನಾನು ಸೌಂಡ್ ಕಡಿಮೆ ಮಾಡ್ತಿದ್ದೆ. ಮತ್ತೆ ಮತದಾನದ ದಿನ ರಾತ್ರಿ ಬಸ್ಸು ಹತ್ತಬೇಕು, ಅದಕ್ಕೆ ಯಾವ ಚರ್ಚೆಯೂ ಬದಲಿ ಅಲ್ಲ. 2024ರಲ್ಲಿ ಹೋಗಿದ್ದೆ. ಅದನ್ನು ಸಾಧನೆ ಅಂತ ಹೇಳ್ತಿಲ್ಲ, ಒಂದು ಸಲ ತಪ್ಪಿಸಿದವನು ಅಂತಲೇ ಹೇಳ್ತಿದ್ದೀನಿ.

ಪಂಚಮಿಯ ಆ ಮಾತುಕತೆ ನಡೆಯುವಾಗ ಅವ್ವ ಒಳಗೆ ಉಂಡಿ ಕಟ್ಟುತ್ತಿದ್ದಳು. ಅಪ್ಪ, ನಾನು ಇಬ್ಬರೇ ಅಷ್ಟು ಹೊತ್ತು ವಾದ ಮಾಡಿದ್ವಿ, ಆಕೆಯನ್ನು ಯಾರೂ ಕೇಳಿರಲಿಲ್ಲ. ತಾಟು ಹಿಡಿದು ಹೊರಗೆ ಬಂದಾಗ ಕೇಳಿದೆ, "ಅವ್ವಾ, ಓಟಿಗೆ ನಿಂತವ್ರು ಎಲ್ಲಾರೂ ಇಲ್ಲೇ ಕಟ್ಟಿ ಮ್ಯಾಲ ಬಂದು ಕುಂತ್ರು ಅಂತ ತಿಳಿ. ಒಂದ ಪ್ರಶ್ನಿ ಕೇಳಬೇಕು ಅಂದ್ರ ನೀ ಏನ್ ಕೇಳತಿ?"

ಯೋಚನೆ ಮಾಡೋಕೆ ಒಂದು ನಿಮಿಷವೂ ತಗೊಳ್ಳಲಿಲ್ಲ.

"ಹ್ವಾದ ಸಲ ಬಂದಾಗ ಗಟಾರ ಮಾಡಸ್ತೀನಿ ಅಂತ ನನ್ನ ಕೈಯಾನ ಚಾ ಕುಡುದು ಹೋಗ್ಯಾರಲ್ಲ, ಅದು ಏನಾತು ಅಂತ ಕೇಳತೀನಿ," ಅಂದಳು. "ಎಲ್ಲಾರ ಮುಂದ ಕೇಳತೀನಿ. ಒಬ್ಬಾಕಿನ ಕೇಳಿದ್ರ ನಕ್ಕೋತ ಹೋಗತಾರ."

ಅಪ್ಪ ನನ್ನ ಮುಖ ನೋಡಿದ, ನಾನು ಅಪ್ಪನ ಮುಖ ನೋಡಿದೆ. ಅವ್ವ ತಾಟು ಇಟ್ಟು, ಶೇಂಗಾ ಉಂಡಿ ಮೊದಲು ಯಾರಿಗೆ ಬೇಕು ಅಂತ ಕೇಳಿದಳು.